ಉಳಿಯಬೇಕಾದ ಅಂಗಗಳ ಲೆಕ್ಕ

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಪಡೆದ ಎಷ್ಟೋ ಮಂದಿಗೆ ಗಡ್ಡೆ ಕರಗಿದ ಮೇಲೂ ಒಂದು ಕಷ್ಟ ಉಳಿದುಬಿಡುತ್ತದೆ. ಬಾಯಿ ಒಣಗುತ್ತದೆ. ಪ್ರತಿ ತುತ್ತಿಗೂ ನೀರು ಬೇಕು, ಹಲ್ಲು ಬೇಗ ಹುಳುಕಾಗುತ್ತವೆ, ರಾತ್ರಿ ನಾಲಿಗೆ ಅಂಟಿಕೊಂಡು ಎಚ್ಚರವಾಗುತ್ತದೆ. ಕಿವಿಯ ಮುಂದಿರುವ ಪರೋಟಿಡ್ ಜೊಲ್ಲುಗ್ರಂಥಿಗಳಿಗೂ ಕಿರಣ ತಗಲಿದ್ದೇ ಇದಕ್ಕೆ ಕಾರಣ.

ಎಷ್ಟು ತಗಲಿದರೆ ಎಷ್ಟು ಹಾನಿ ಎಂದು ಚಿಕಿತ್ಸೆಗೆ ಮುಂಚೆಯೇ ಅಂದಾಜು ಮಾಡಬಹುದು. ಅಮೆರಿಕದ ಜಾನ್ ಲೈಮನ್ 1985ರಲ್ಲಿ ಇದಕ್ಕೊಂದು ಗಣಿತ ಸೂತ್ರ ಕೊಟ್ಟರು. 1991ರಲ್ಲಿ ಬಹ್ಮಾನ್ ಎಮಾಮಿ ಮತ್ತು ಸಂಗಡಿಗರು ಒಂದೊಂದು ಅಂಗವೂ ಎಷ್ಟು ಡೋಸ್ ತಾಳಬಲ್ಲದು ಎಂಬ ಪಟ್ಟಿ ಸಿದ್ಧಪಡಿಸಿದರು. ಐದು ವರ್ಷದೊಳಗೆ ನೂರರಲ್ಲಿ ಐವರಿಗೆ ತೊಂದರೆ ಕೊಡುವ ಡೋಸ್ ಯಾವುದು, ಐವತ್ತು ಜನರಿಗೆ ಕೊಡುವುದು ಯಾವುದು ಎಂಬ ಅಂಕಿಗಳವು. ಆಗ ಮಾಹಿತಿ ಕಡಿಮೆಯಿತ್ತು; ಹಲವು ಅಂಕಿಗಳು ವೈದ್ಯರ ಅನುಭವದ ಮೇಲೆ ನಿಂತಿದ್ದವು. 2010ರಲ್ಲಿ ‘ಕ್ವಾಂಟೆಕ್’ ಎಂಬ ತಜ್ಞರ ಸರಣಿ ವರದಿಗಳು ಅವುಗಳಲ್ಲಿ ಹಲವನ್ನು ರೋಗಿಗಳ ದಾಖಲೆಗಳೊಂದಿಗೆ ಮತ್ತೆ ತೂಗಿ ನೋಡಿದವು.

ಅಂಗಗಳು ಪೆಟ್ಟು ತಿನ್ನುವ ರೀತಿ ಒಂದೇ ಅಲ್ಲ. ಬೆನ್ನುಹುರಿ ಕಾಲುವೆಯಂತೆ: ಒಂದೇ ಕಡೆ ಏರಿ ಒಡೆದರೂ ಮುಂದಿನ ಗದ್ದೆಗಳಿಗೆ ನೀರಿಲ್ಲ. ಹಾಗಾಗಿ ಅಲ್ಲಿ ಯಾವುದೇ ಒಂದು ಬಿಂದುವಿಗೆ ಬಿದ್ದ ಗರಿಷ್ಠ ಡೋಸ್ ಮುಖ್ಯ. ದಿನಕ್ಕೆ 2 ಗ್ರೇಯಂತೆ (ಗ್ರೇ ಎಂದರೆ ವಿಕಿರಣ ಡೋಸ್‌ನ ಅಳತೆ) ಒಟ್ಟು 50 ಗ್ರೇ ಬಿದ್ದರೆ ಬೆನ್ನುಹುರಿಗೆ ಹಾನಿಯಾಗುವ ಸಂಭವ ಶೇ 0.2 ಮಾತ್ರ. 60 ಗ್ರೇಗೆ ಅದು ಶೇ 6, 69 ಗ್ರೇಗೆ ಶೇ 50. ಇತ್ತ ಗಂಟಲಿನ ಗಡ್ಡೆಯನ್ನು ಕೊಲ್ಲಲು ಸುಮಾರು 70 ಗ್ರೇ ಬೇಕು, ಬೆನ್ನುಹುರಿ ಇರುವುದು ಅದರ ಕೆಲವೇ ಸೆಂಟಿಮೀಟರ್ ಹಿಂದೆ! ಚಿಕಿತ್ಸೆಯ ಯೋಜನೆ ಹೆಣೆಯುವ ಭೌತವಿಜ್ಞಾನಿ ದಿನವೂ ಎದುರಿಸುವ ಇಕ್ಕಟ್ಟು ಇದು.

ಶ್ವಾಸಕೋಶದ ಕಥೆ ಬೇರೆ. ಅದರ ಒಂದು ಭಾಗ ಸೋತರೂ ಉಳಿದದ್ದು ಕೆಲಸ ಮುಂದುವರಿಸುತ್ತದೆ. ಅಲ್ಲಿ ಸರಾಸರಿ ಡೋಸ್ ನೋಡುತ್ತಾರೆ: 7 ಗ್ರೇ ಆದರೆ ಉರಿಯೂತದ ಸಂಭವ ಶೇ 5, 20 ಗ್ರೇ ಆದರೆ ಶೇ 20.

ಪರೋಟಿಡ್‌ಗೂ ಸರಾಸರಿಯೇ ಅಳತೆ. ಎರಡೂ ಗ್ರಂಥಿಗಳ ಸರಾಸರಿ 25 ಗ್ರೇ ಒಳಗಿರಬೇಕು, ಇಲ್ಲವೇ ಒಂದನ್ನಾದರೂ 20ರ ಒಳಗೆ ಕಾಪಾಡಬೇಕು. ಕಿರಣದ ತೀವ್ರತೆಯನ್ನು ಜಾಗಕ್ಕೆ ತಕ್ಕಂತೆ ಏರಿಳಿಸುವ ಐಎಂಆರ್‌ಟಿ ವಿಧಾನದಿಂದ ಇದು ಸಾಧ್ಯವಾಯಿತು. ಫಲವೂ ಕಂಡಿತು. ಬ್ರಿಟನ್ನಿನ ‘ಪಾರ್ಸ್‌ಪೋರ್ಟ್’ ಪ್ರಯೋಗದಲ್ಲಿ (2011) ಒಂದು ವರ್ಷದ ಬಳಿಕ ಹಳೆಯ ವಿಧಾನದವರಲ್ಲಿ ಶೇ 74 ಮಂದಿಗೆ ಬಾಯಿ ಒಣಗುವ ಗಣನೀಯ ತೊಂದರೆಯಿತ್ತು. ಐಎಂಆರ್‌ಟಿ ಪಡೆದವರಲ್ಲಿ ಶೇ 38. ಗಡ್ಡೆಗೆ ಹೋದ ಡೋಸ್ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಇನ್ನು ಹೃದಯಕ್ಕೆ ‘ಇಷ್ಟರೊಳಗೆ ಸುರಕ್ಷಿತ’ ಎಂಬ ಗೆರೆಯೇ ಸಿಕ್ಕಿಲ್ಲ. ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಸ್ವೀಡನ್, ಡೆನ್ಮಾರ್ಕ್‌ನ 2,168 ಮಹಿಳೆಯರ ದಾಖಲೆಗಳನ್ನು ಸಾರಾ ಡಾರ್ಬಿ ತಂಡ 2013ರಲ್ಲಿ ಪರಿಶೀಲಿಸಿದಾಗ, ಹೃದಯದ ಸರಾಸರಿ ಡೋಸ್ ಒಂದು ಗ್ರೇ ಏರಿದಂತೆ ಹೃದಯಾಘಾತದಂಥ ಘಟನೆಗಳ ಅಪಾಯ ಶೇ 7.4ರಷ್ಟು ಏರುವುದು ಕಂಡಿತು. ಎಡ ಸ್ತನಕ್ಕೆ ಚಿಕಿತ್ಸೆ ಕೊಡುವಾಗ ಉಸಿರೆಳೆದು ಹಿಡಿಯಲು ಹೇಳುವುದು ಇದೇ ಕಾರಣಕ್ಕೆ. ಆಗ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ.

ನೆದರ್ಲೆಂಡ್ಸ್ ಈ ಲೆಕ್ಕವನ್ನು ಆಸ್ಪತ್ರೆಯ ನಿತ್ಯದ ನಿರ್ಧಾರಕ್ಕೇ ತಂದಿದೆ. ಅಲ್ಲಿ ಒಬ್ಬ ರೋಗಿಗೆ ಮಾಮೂಲಿ ಎಕ್ಸ್‌ರೇ ಯೋಜನೆಯನ್ನೂ ಪ್ರೋಟಾನ್ ಕಣಗಳನ್ನು ಬಳಸುವ ದುಬಾರಿ ಯೋಜನೆಯನ್ನೂ ತಯಾರಿಸಿ ಹೋಲಿಸುತ್ತಾರೆ. ಮಧ್ಯಮ ತೀವ್ರತೆಯ ತೊಂದರೆಯ ಸಂಭವ ಪ್ರೋಟಾನ್‌ನಿಂದ ಕನಿಷ್ಠ 10 ಶೇಕಡಾಂಶ ತಗ್ಗುವಂತಿದ್ದರೆ ಅದನ್ನೇ ಕೊಡಬಹುದು. ದುಬಾರಿ ಯಂತ್ರವನ್ನು ಹಣವಂತರಿಗೆ ಬದಲು ಹೆಚ್ಚು ಲಾಭವಾಗುವವರಿಗೆ ಮೀಸಲಿಡುವ ಈ ದಾರಿ, ಚೆನ್ನೈ, ಖಾರ್‌ಘರ್‌ಗಳಲ್ಲಿ ಪ್ರೋಟಾನ್ ಕೇಂದ್ರ ತೆರೆದಿರುವ ಭಾರತಕ್ಕೂ ಬೇಕು.

ಆದರೆ ಈ ಅಂಕಿಗಳಲ್ಲಿ ಬಹುಪಾಲು ಯುರೋಪು, ಅಮೆರಿಕದ ರೋಗಿಗಳಿಂದ ಬಂದವು. ಗುಟ್ಕಾ, ತಂಬಾಕಿನಿಂದ ಬಾಯಿ ಮೊದಲೇ ಹಾಳಾಗಿರುವ ನಮ್ಮವರಿಗೆ ಅವು ಎಷ್ಟು ಹೊಂದುತ್ತವೆ ಎಂಬುದು ನಮ್ಮ ದಾಖಲೆಗಳಿಂದಲೇ ತಿಳಿಯಬೇಕು. ಚಿಕಿತ್ಸೆ ಮುಗಿದವರು ವರ್ಷಗಳ ನಂತರದ ತಪಾಸಣೆಗೂ ತಪ್ಪದೆ ಹೋಗಿ, ಬಾಯಿ ಒಣಗುವುದನ್ನೂ ನುಂಗಲಾಗದ್ದನ್ನೂ ಮುಚ್ಚಿಡದೆ ಹೇಳಿ, ಬರೆಸಿ ಬನ್ನಿ.