ಗಡಸು ನೀರು, ಮೆದು ನೀರು

ತಾನ್ಸಾ, ವೈತರಣಾ ಮೊದಲಾದ ಜಲಾಶಯಗಳಿಂದ ಮುಂಬಯಿಯ ನಲ್ಲಿಗಳಿಗೆ ಬರುವ ಮಳೆಯ ನೀರು ಮೆದುವಾದುದು. ಸಾಬೂನು ಬೇಗನೆ ನೊರೆಗೊಡುತ್ತದೆ. ಅದೇ ಸಾಬೂನು ಅನೇಕ ಬಾವಿಗಳ ನೀರಿನಲ್ಲಿ ಹಾಲೊಡೆದಂತೆ ಗಸಿಗಟ್ಟುತ್ತದೆ, ಬೇಳೆಯೂ ಬೇಯಲೊಲ್ಲದು. ನೆಲದೊಳಗಣ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡ ಇದೇ ಗಡಸು ನೀರು.

ಗಡಸುತನಕ್ಕೆ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾರಣವಾಗಿದ್ದರೆ ಕುದಿಸಿದರೆ ಸಾಕು. ಸುಣ್ಣದಂಶವು ಪಾತ್ರೆಯ ತಳದಲ್ಲಿ ಬಿಳಿಯ ಪದರವಾಗಿ ಕೂಡುತ್ತದೆ. ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕನು 1841ರಲ್ಲಿ ಪೇಟೆಂಟು ಪಡೆದ ಉಪಾಯಕ್ಕೆ ಸೌದೆಯೂ ಬೇಡ: ಸುಣ್ಣವನ್ನು ಕಳೆಯಲು ಸುಣ್ಣವನ್ನೇ ಬೆರಸುವುದು! ವಿಚಿತ್ರವೆನಿಸೀತು, ಆದರೆ ಹೊಸ ಸುಣ್ಣವು ಬೈಕಾರ್ಬೊನೇಟಿನೊಡನೆ ಕೂಡಿ, ಎರಡೂ ಕರಗದ ಕಾರ್ಬೊನೇಟಾಗಿ ತಳಕ್ಕಿಳಿಯುತ್ತವೆ. ಅಳತೆ ಮೀರಿದರೆ ಮಾತ್ರ ನೀರು ಮತ್ತೆ ಗಡಸಾಗುವುದು.

ಸಲ್ಫೇಟುಗಳಿದ್ದಲ್ಲಿ ಕುದಿಸಿ ಫಲವಿಲ್ಲ, ಒಗೆಯುವ ಸೋಡಾ ಬೇಕು. ಆ ನೀರು ಬಟ್ಟೆಗೆ, ಅಡಿಗೆಗಲ್ಲ.