ವ್ಯಾನಿಗೆ ಮೇಲೇಳುವ ಛಾವಣಿ: ತಗಡು ಕತ್ತರಿಸುವ ಮುನ್ನ

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ಮಾರ್ಗವಾಗಿ ಚೋರ್ಲಾ ಘಟ್ಟವನ್ನಿಳಿದು ಗೋವೆಗೆ ಹೋಗುವ ರಸ್ತೆಯೂ, ಖಾನಾಪುರ, ಲೋಂಡಾ, ರಾಮನಗರಗಳ ಮೂಲಕ ಅನಮೋಡ ಘಟ್ಟದತ್ತ ಸಾಗುವ ಹೆದ್ದಾರಿಯೂ ಈ ಭಾಗದ ಪ್ರವಾಸಿಗರಿಗೆ ಚಿರಪರಿಚಿತವಾದವು. ಹೋಟೆಲಿನ ಕೋಣೆಯನ್ನು ನೆಚ್ಚದೆ, ಅಡುಗೆ ಮತ್ತು ನಿದ್ರೆಯ ವ್ಯವಸ್ಥೆಯನ್ನು ವಾಹನದಲ್ಲಿಯೇ ಹೊತ್ತೊಯ್ಯುವ ಕ್ಯಾಂಪರ್ ವ್ಯಾನಿನ ಕಲ್ಪನೆ ನಮ್ಮ ದೇಶದಲ್ಲಿಯೂ ಬೇರೂರುತ್ತಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಇಂಥ ವಾಹನಗಳಿಗೂ ಅವು ತಂಗುವ ತಾಣಗಳಿಗೂ ಸಂಬಂಧಿಸಿದ ನೀತಿಯನ್ನು ಈ ಹಿಂದೆಯೇ ರೂಪಿಸಿದೆ. ನೆರೆಯ ಕೇರಳ ಮತ್ತು ಮಹಾರಾಷ್ಟ್ರಗಳು 2021ರಲ್ಲಿ ತಮ್ಮವೇ ನೀತಿಗಳನ್ನು ಪ್ರಕಟಿಸಿದವು. ಹೀಗಿರುವಾಗ ಉದ್ಯಮಬಾಗ ಅಥವಾ ಆಟೋನಗರದ ಕಾರ್ಯಾಗಾರವೊಂದಕ್ಕೆ ಗ್ರಾಹಕನೊಬ್ಬ ತನ್ನ ಸಣ್ಣ ವ್ಯಾನನ್ನು ತಂದು ನಿಲ್ಲಿಸಿ, "ಇದರ ಟಾಪು ಕತ್ತರಿಸಿ, ಬೇಕೆಂದಾಗ ಮೇಲೇಳುವಂತೆ ಮಾಡಿಕೊಡಿ" ಎಂದು ಕೇಳಿದರೆ ಕಾರ್ಖಾನೆದಾರನು ಏನೆಂದು ಉತ್ತರಿಸಬೇಕು?

ಕೆಲಸ ಬಲ್ಲವರಿಗೆ ಇದು ಕಠಿಣವಾಗಿ ತೋರುವುದಿಲ್ಲ. ತಗಡು ಕತ್ತರಿಸುವುದು, ಬಿಜಾಗರಿ ಕೂಡಿಸುವುದು, ಬೆಸುಗೆ ಹಾಕುವುದು ಬೆಳಗಾವಿಗೆ ಹೊಸತಲ್ಲ. ಆದರೆ ಈ ಕೆಲಸದ ನಿಜವಾದ ಕಷ್ಟ ಕತ್ತರಿಸುವುದರಲ್ಲಿಲ್ಲ. ಕತ್ತರಿಸಿದ ಮೇಲೆ ಉಳಿಯುವ ವಾಹನದ ಬಲದಲ್ಲಿ ಮತ್ತು ಅದರ ನೋಂದಣಿ ಪತ್ರದಲ್ಲಿದೆ.

ಛಾವಣಿ ಏಕೆ ಮೇಲೇಳಬೇಕು

ಮಾರುತಿ ಈಕೋದಂತಹ ಸಣ್ಣ ವ್ಯಾನಿನ ಒಟ್ಟು ಎತ್ತರ ಸುಮಾರು 1.8 ಮೀಟರ್. ನೆಲಹಾಸಿನ ಎತ್ತರವನ್ನು ಕಳೆದರೆ ಒಳಗೆ ಬೆಳೆದ ವ್ಯಕ್ತಿ ನೆಟ್ಟಗೆ ನಿಲ್ಲಲಾಗದು. ಶಾಶ್ವತವಾಗಿ ಎತ್ತರದ ಟಾಪು ಕೂಡಿಸಿದರೆ ನಿಲ್ಲಬಹುದು. ಆದರೆ ಓಡುವಾಗ ಗಾಳಿಯ ತಡೆ ಹೆಚ್ಚಿ ಇಂಧನ ವ್ಯಯವಾಗುತ್ತದೆ, ಅಡ್ಡಗಾಳಿಗೆ ವಾಹನ ಓಲಾಡುತ್ತದೆ, ತಗ್ಗು ಕಮಾನು ಇರುವ ಕಡೆ ನುಗ್ಗಲಾಗದು. ಓಡುವಾಗ ತಗ್ಗಾಗಿ, ನಿಂತಾಗ ಎತ್ತರವಾಗಿ ಇರಬೇಕೆಂಬ ಬಯಕೆಯಿಂದಲೇ ಈ ಛಾವಣಿ ಹುಟ್ಟಿತು. ಇಂಗ್ಲೆಂಡಿನ ಫೋಕ್‌ಸ್ಟನ್ ಪಟ್ಟಣದ ಮಾರ್ಟಿನ್ ವಾಲ್ಟರ್ ಸಂಸ್ಥೆಯು 1950ರ ದಶಕದಲ್ಲಿ ಬೆಡ್‌ಫರ್ಡ್ ವ್ಯಾನುಗಳನ್ನು ಡಾರ್ಮೊಬೈಲ್ ಎಂಬ ಹೆಸರಿನಿಂದ ಹೀಗೆ ಪರಿವರ್ತಿಸಿ ಮಾರಿತು. ಅದರ ಛಾವಣಿ ಒಂದು ಪಕ್ಕದ ಬಿಜಾಗರಿಯ ಮೇಲೆ ಪೆಟ್ಟಿಗೆಯ ಮುಚ್ಚಳದಂತೆ ತೆರೆದುಕೊಳ್ಳುತ್ತಿತ್ತು. ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆ ಫೋಕ್ಸ್‌ವ್ಯಾಗನ್ ವ್ಯಾನುಗಳಿಗೆ ಇದೇ ಬಗೆಯ ಕೆಲಸ ಮಾಡಿ ಹೆಸರಾಯಿತು. ಬಿಜಾಗರಿ ಮುಂದಿರಬಹುದು, ಹಿಂದಿರಬಹುದು, ಪಕ್ಕದಲ್ಲಿರಬಹುದು. ಅಥವಾ ಛಾವಣಿ ನಾಲ್ಕೂ ಮೂಲೆಗಳಲ್ಲಿ ಸಮನಾಗಿ ಮೇಲೇರಬಹುದು. ಇವುಗಳಲ್ಲಿ ಮುಂದಿನ ಬಿಜಾಗರಿಯದೇ ಅತ್ಯಂತ ಸರಳ. ಚಿಲಕ ಅಕಸ್ಮಾತ್ ಬಿಚ್ಚಿದರೂ ಎದುರುಗಾಳಿ ಛಾವಣಿಯನ್ನು ಕಿತ್ತು ಹಿಂದಕ್ಕೆಸೆಯುವ ಸಂಭವ ಇದರಲ್ಲಿ ಕಡಿಮೆ.

ಪೆಟ್ಟಿಗೆಯ ಮುಚ್ಚಳ

ಬೆಳಗಾವಿಯ ಕುಂದಾ ತುಂಬಿಕೊಡುವ ರಟ್ಟಿನ ಪೆಟ್ಟಿಗೆಯನ್ನು ಮುಚ್ಚಳ ಹಾಕಿ ಎರಡೂ ತುದಿ ಹಿಡಿದು ತಿರುಚಿ ನೋಡಬೇಕು. ಅದು ಸುಲಭವಾಗಿ ಬಗ್ಗುವುದಿಲ್ಲ. ಮುಚ್ಚಳ ತೆಗೆದು ತಿರುಚಿದರೆ ಕೈಯಲ್ಲಿ ನುಲಿಯುತ್ತದೆ. ಇಂದಿನ ಸಣ್ಣ ವ್ಯಾನುಗಳಿಗೆ ಲಾರಿಯಂತೆ ಪ್ರತ್ಯೇಕ ಭಾರದ ಚಾಸಿ ಇರುವುದಿಲ್ಲ. ನೆಲ, ಪಕ್ಕದ ಗೋಡೆ, ಛಾವಣಿಗಳೆಲ್ಲ ಕೂಡಿಯೇ ಭಾರವನ್ನು ಹೊರುತ್ತವೆ. ಛಾವಣಿಯ ತಗಡು ತೆಳುವಾದದ್ದೇ; ಆದರೆ ಅದರ ಕೆಳಗೆ ಎಡ ಗೋಡೆಯಿಂದ ಬಲ ಗೋಡೆಗೆ ಹಾಯ್ದಿರುವ ಅಡ್ಡಪಟ್ಟಿಗಳು ಎರಡೂ ಪಕ್ಕಗಳನ್ನು ಬಿಗಿದು ಕಟ್ಟಿರುತ್ತವೆ. ಮೇಲೇಳುವ ಛಾವಣಿಗೆ ಸುಮಾರು 2.4 ಮೀಟರ್ ಉದ್ದ, 1.35 ಮೀಟರ್ ಅಗಲದ ತೆರವು ಬೇಕೆಂದರೆ ಇವುಗಳಲ್ಲಿ ಎರಡು ಮೂರನ್ನು ಕತ್ತರಿಸಲೇಬೇಕು.

ಕತ್ತರಿಸಿದ ದಿನ ಏನೂ ತಿಳಿಯುವುದಿಲ್ಲ. ಸಮತಟ್ಟಾದ ಕಾರ್ಯಾಗಾರದ ನೆಲದಲ್ಲಿ ಬಾಗಿಲುಗಳು ಮೊದಲಿನಂತೆಯೇ ಮುಚ್ಚುತ್ತವೆ. ಮಳೆಗಾಲ ಮುಗಿದ ಮೇಲೆ ಜಾಂಬೋಟಿ ರಸ್ತೆಯ ಗುಂಡಿಗಳಲ್ಲಿ ಒಂದು ಚಕ್ರ ಇಳಿದು ಇನ್ನೊಂದು ಏರುವಾಗ ಒಡಲು ನುಲಿಯತೊಡಗುತ್ತದೆ. ಮೊದಲು ಜಾರುಬಾಗಿಲು ಬಿಗಿಯಾಗುತ್ತದೆ, ಬಳಿಕ ಮುಂಗಾಜಿನ ಮೂಲೆಯಲ್ಲಿ ಬಿರುಕು ಕಾಣುತ್ತದೆ, ಕೊನೆಗೆ ಗೋಡೆಯ ಬೆಸುಗೆಗಳು ಬಿಡುತ್ತವೆ. ವಾಹನ ಮಗುಚಿದರೆ ಆಗುವ ಅನಾಹುತವನ್ನು ಹೇಳಬೇಕಾಗಿಯೇ ಇಲ್ಲ.

ಆದುದರಿಂದ ಕತ್ತರಿಸುವ ಮೊದಲೇ ತೆರವಿನ ಸುತ್ತಲೂ ಕೂರುವ ಉಕ್ಕಿನ ಚೌಕಟ್ಟು ಸಿದ್ಧವಿರಬೇಕು. ಅದು ನಾಲ್ಕೂ ಬದಿಗೆ ಅಖಂಡವಾಗಿದ್ದು, ಗೋಡೆಯ ಮೇಲಂಚಿನ ಉದ್ದ ತೊಲೆಗೂ ಮುಂದೆ ಹಿಂದೆ ಉಳಿಯುವ ಅಡ್ಡಪಟ್ಟಿಗಳಿಗೂ ಬಲವಾಗಿ ಬೆಸೆದುಕೊಳ್ಳಬೇಕು. ಮೂಲೆಗಳನ್ನು ಚೂಪಾಗಿ ಕತ್ತರಿಸದೆ ದುಂಡಾಗಿ ತಿರುಗಿಸಬೇಕು, ಏಕೆಂದರೆ ಬಿರುಕು ಚೂಪು ಮೂಲೆಯಿಂದಲೇ ಆರಂಭವಾಗುತ್ತದೆ. ಕೇವಲ ತಗಡಿನ ಅಂಚಿಗೆ ಕೋನಪಟ್ಟಿ ಅಂಟಿಸಿ ರಿವೆಟ್ ಹೊಡೆದು ಮುಗಿಸುವ ಕೆಲಸ ನೋಡಲು ಅಚ್ಚುಕಟ್ಟಾಗಿರಬಹುದು. ಬಲದ ದೃಷ್ಟಿಯಿಂದ ಅದು ಏನೂ ಅಲ್ಲ.

ಎತ್ತುವ ಬಲ, ಹಿಡಿಯುವ ಬಲ

ಹೈಡ್ರಾಲಿಕ್ ಉಪಕರಣಗಳಿಗೆ ಹೆಸರಾದ ಊರಿನಲ್ಲಿ ಮೊದಲು ಹೊಳೆಯುವುದು ಸಿಲಿಂಡರು ಮತ್ತು ಪಂಪು. ಆದರೆ ಲೆಕ್ಕ ಹಾಕಿ ನೋಡಬೇಕು. ಫೈಬರ್‌ಗ್ಲಾಸಿನ ಛಾವಣಿ, ಒಳಹಾಸು, ಕ್ಯಾನ್‌ವಾಸ್ ಎಲ್ಲ ಸೇರಿ 45 ಕಿಲೋ ಎಂದು ಇಟ್ಟುಕೊಂಡರೆ, ಒಂದು ತುದಿಯಲ್ಲಿ ಬಿಜಾಗರಿ ಇರುವ ಮುಚ್ಚಳದ ಇನ್ನೊಂದು ತುದಿಯನ್ನೆತ್ತಲು ಬೇಕಾಗುವುದು ಅದರ ಅರ್ಧ, ಅಂದರೆ 22 ಕಿಲೋ ಮಾತ್ರ. ಅದರಲ್ಲಿಯೂ ಬಹುಪಾಲನ್ನು ಎರಡು ಗ್ಯಾಸ್ ಸ್ಪ್ರಿಂಗುಗಳು ಹೊತ್ತುಕೊಳ್ಳುತ್ತವೆ. ಇಷ್ಟಕ್ಕೆ ಎಣ್ಣೆಯ ತೊಟ್ಟಿ, ಪಂಪು, ಕೊಳವೆಗಳನ್ನು ಹೇರುವುದು ಇಲಿ ಹಿಡಿಯಲು ಬೆಟ್ಟ ಅಗೆದಂತೆ. ನಾಲ್ಕು ಮೂಲೆಗೂ ಸಿಲಿಂಡರು ಕೂಡಿಸಿ ನೆಟ್ಟಗೆ ಮೇಲೇರಿಸುವ ದೊಡ್ಡ ಬಸ್ಸಿನ ಛಾವಣಿಯಾದರೆ ಮಾತು ಬೇರೆ. ಅಲ್ಲಿ ನಾಲ್ಕಕ್ಕೂ ಎಣ್ಣೆ ಸಮಪಾಲಾಗಿ ಹಂಚದಿದ್ದರೆ ಒಂದು ಮೂಲೆ ಮುಂದಾಗಿ ಏರಿ ಕ್ಯಾನ್‌ವಾಸ್ ಹರಿಯುತ್ತದೆ. ಅದನ್ನು ತಪ್ಪಿಸುವ ಹಂಚಿಕೆಯ ವಾಲ್ವುಗಳ ವಿದ್ಯೆ ಇಲ್ಲಿನವರಿಗೆ ಚೆನ್ನಾಗಿ ಗೊತ್ತು.

ಗ್ಯಾಸ್ ಸ್ಪ್ರಿಂಗಿನ ವಿಷಯದಲ್ಲಿ ಎರಡು ಮಾತು. ಛಾವಣಿ ಮುಚ್ಚಿದಾಗ ಅದು ಬಹುತೇಕ ಅಡ್ಡ ಮಲಗಿರುವುದರಿಂದ ಆರಂಭದಲ್ಲಿ ಎತ್ತುವ ಬಲ ತೀರ ಕಡಿಮೆ. ಮೊದಲ ಒಂದು ಗೇಣನ್ನು ಕೈಯಿಂದಲೇ ತಳ್ಳಬೇಕು. ಇದನ್ನು ಅರಿಯದೆ ಹೆಚ್ಚು ಬಲದ ಸ್ಪ್ರಿಂಗ್ ಹಾಕಿದರೆ ಮೇಲಿನ ಹಂತದಲ್ಲಿ ಛಾವಣಿ ರಭಸದಿಂದ ಹಾರಿ, ಮತ್ತೆ ಮುಚ್ಚಲು ಇಬ್ಬರು ಜೋತುಬೀಳಬೇಕಾಗುತ್ತದೆ. ಎರಡನೆಯದಾಗಿ, ಒಳಗಿನ ಅನಿಲದ ಒತ್ತಡ ತಾಪಮಾನದೊಂದಿಗೆ ಏರಿಳಿಯುತ್ತದೆ. ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡಾ 3.5ರಷ್ಟು ವ್ಯತ್ಯಾಸ. ಏಪ್ರಿಲ್ ಮಧ್ಯಾಹ್ನ ಸರಿಯಾಗಿ ನಿಂತ ಛಾವಣಿ ಡಿಸೆಂಬರಿನ ಬೆಳಗಿನ ಜಾವ ಮೆಲ್ಲನೆ ಕುಸಿಯಬಹುದು. ಆದ್ದರಿಂದ ಮೇಲೆ ನಿಂತ ಛಾವಣಿಗೆ ಯಾಂತ್ರಿಕ ಆಧಾರದ ಕಡ್ಡಿ ಬೇಕೇಬೇಕು.

ಎತ್ತುವುದಕ್ಕಿಂತ ಹಿಡಿದಿಡುವುದೇ ಗಂಭೀರ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 30 ಕಿಲೋ. ಮೇಲೆ ಹೇಳಿದ ಅಳತೆಯ ಛಾವಣಿಗೆ ಅಷ್ಟೇ ಬಲ ಮೇಲ್ಮುಖವಾಗಿ ಬಿದ್ದರೂ ಅದು ಒಂದು ಕ್ವಿಂಟಲಿಗೆ ಹತ್ತಿರ. 100 ಕಿ.ಮೀ. ವೇಗದಲ್ಲಿ ಎದುರಿನಿಂದ 20 ಕಿ.ಮೀ. ಗಾಳಿ ಬೀಸಿದರೆ ಎರಡು ಕ್ವಿಂಟಲನ್ನೂ ಮೀರುತ್ತದೆ. ವೇಗ ಹೆಚ್ಚಿದಂತೆ ಒತ್ತಡ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಪೀಠೋಪಕರಣದ ಚಿಲಕಗಳು ಇಲ್ಲಿ ಸಲ್ಲವು. ಕನಿಷ್ಠ ಎರಡು ಸ್ವತಂತ್ರ ಚಿಲಕಗಳಿರಬೇಕು. ಒಂದೇ ಒಂದು ಉಳಿದರೂ ಪೂರ್ಣ ಬಲವನ್ನು ತಡೆಯಬೇಕು. ಚಿಲಕ ಕೂರದಿದ್ದರೆ ಚಾಲಕನ ಮುಂದೆ ಕೆಂಪು ದೀಪ ಉರಿಯಬೇಕು.

ತೂಕದ ಕುರಿತು ಬೆಳಗಾವಿಯ ಎರಕದ ಕಾರ್ಖಾನೆಗಳಿಗೆ ಒಂದು ಅಪ್ರಿಯ ಸತ್ಯ: ಬಿಜಾಗರಿ, ಬ್ರಾಕೆಟ್ಟುಗಳನ್ನು ಎರಕದ ಕಬ್ಬಿಣದಲ್ಲಿ ಮಾಡುವ ಆಸೆ ಸಹಜವಾದರೂ ಸೂಕ್ತವಲ್ಲ. 950 ಕಿಲೋ ತೂಕದ, ಗುರುತ್ವ ಕೇಂದ್ರ ನೆಲದಿಂದ 60 ಸೆಂ.ಮೀ. ಇರುವ ವ್ಯಾನಿನ ನೆತ್ತಿಯ ಮೇಲೆ, 1.8 ಮೀಟರ್ ಎತ್ತರದಲ್ಲಿ, 90 ಕಿಲೋ ಏರಿಸಿದರೆ ಆ ಕೇಂದ್ರ 70 ಸೆಂ.ಮೀ.ಗೆ ಏರುತ್ತದೆ. ಚೋರ್ಲಾ ಘಟ್ಟದ ತಿರುವುಗಳಲ್ಲಿ ಈ ಹತ್ತು ಸೆಂಟಿಮೀಟರಿನ ಅರ್ಥ ಚಾಲಕನಿಗೆ ತಕ್ಷಣ ತಿಳಿಯುತ್ತದೆ. ಒತ್ತಿ ಬಾಗಿಸಿದ ಉಕ್ಕಿನ ತಗಡು ಅಥವಾ ಅಲ್ಯೂಮಿನಿಯಂ ಇಲ್ಲಿ ಮೇಲು. ಆದರೆ ಎರಕದವರ ಪ್ಯಾಟರ್ನ್ ಕಲೆ ವ್ಯರ್ಥವಾಗದು. ಮರಳಿನ ಅಚ್ಚಿನಿಂದ ಪ್ಯಾಟರ್ನ್ ಸಲೀಸಾಗಿ ಹೊರಬರಲು ಬಿಡುವ ಇಳಿಜಾರನ್ನೇ ಫೈಬರ್‌ಗ್ಲಾಸಿನ ಅಚ್ಚಿಗೂ ಬಿಡಬೇಕು. ಛಾವಣಿಯ ಮೂಲ ಮಾದರಿಯನ್ನು ಕೆತ್ತಲು ಅವರಿಗಿಂತ ತಕ್ಕವರು ಸಿಗುವುದು ಕಷ್ಟ.

ಕಣಕುಂಬಿಯ ಮಳೆ

ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗದ ಮಳೆ ಎಂಥದೆಂದು ಓದುಗರಿಗೆ ವಿವರಿಸಬೇಕಾಗಿಲ್ಲ. ಯೂರೋಪಿನ ಜಿನುಗು ಮಳೆಗೆ ಹೊಂದುವ ರಬ್ಬರ್ ಅಂಚು ಮಲಪ್ರಭೆಯ ಉಗಮಸ್ಥಾನದಲ್ಲಿ ನಿಲ್ಲುವ ವಾಹನಕ್ಕೆ ಸಾಲದು. ತೆರವಿನ ಅಂಚು ಸುತ್ತಲೂ ಎರಡು ಬೆರಳಿನಷ್ಟು ಮೇಲೆದ್ದಿರಬೇಕು, ಛಾವಣಿಯ ತುಟಿ ಅದರ ಹೊರಗೆ ಇಳಿದು ಕೂರಬೇಕು, ನಡುವೆ ನೀರು ಹರಿದುಹೋಗುವ ಕಾಲುವೆ ಇರಬೇಕು. ಖಾನಾಪುರದ ಹಂಚಿನ ಮನೆಗಳಲ್ಲಿ ಮೇಲಿನ ಹಂಚು ಕೆಳಗಿನದನ್ನು ಹೇಗೆ ಹೊದ್ದಿರುತ್ತದೆಯೋ ಅದೇ ತತ್ವ. ರಬ್ಬರು ಎರಡನೆಯ ಕಾವಲು ಮಾತ್ರ.

ಮಡಚುವ ಗೋಡೆಗೆ ಬಳಸುವ ಬಟ್ಟೆಯ ಹೊಲಿಗೆಗಳ ಮೇಲೆ ಪಟ್ಟಿ ಅಂಟಿಸಿರಬೇಕು. ಲಾರಿಯ ತಾಡಪತ್ರಿ ನೀರನ್ನು ತಡೆಯುತ್ತದೆ ನಿಜ. ಆದರೆ ಉಸಿರಾಡದ ಬಟ್ಟೆಯೊಳಗೆ ನಾಲ್ವರು ಮಲಗಿದರೆ ಬೆಳಗಾಗುವಷ್ಟರಲ್ಲಿ ಒಳಗಿನ ಹಬೆಯೇ ಹನಿಯಾಗಿ ತೊಟ್ಟಿಕ್ಕುತ್ತದೆ. ಸೊಳ್ಳೆಪರದೆಯುಳ್ಳ ಕಿಟಕಿಗಳು ಎರಡೂ ಬದಿಗೆ ಬೇಕು. ಒಳಗೆ ಗ್ಯಾಸ್ ಒಲೆ ಹೊತ್ತಿಸುವವರಿದ್ದರೆ ಇದು ಜೀವದ ಪ್ರಶ್ನೆ. ತೊಯ್ದ ಬಟ್ಟೆಯನ್ನು ಮಡಚಿ ದಿನಗಟ್ಟಲೆ ಇಟ್ಟರೆ ಬೂಷ್ಟು ಹಿಡಿಯುವುದೆಂದು ಗ್ರಾಹಕನಿಗೆ ಬರೆದೇ ಕೊಡಬೇಕು. ಇಲ್ಲವಾದರೆ ಆ ದೂರು ತಯಾರಕನ ಬಾಗಿಲಿಗೇ ಬರುತ್ತದೆ.

ಕಾನೂನು ಏನೆನ್ನುತ್ತದೆ

ಇಲ್ಲಿಯೇ ಹೆಚ್ಚಿನ ಕಾರ್ಖಾನೆದಾರರು ಎಡವುವ ಸಾಧ್ಯತೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಹೊಸ ರೂಪ ಪಡೆದ 182ಎ ಕಲಮು, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ತಯಾರಕ, ಆಮದುದಾರ ಅಥವಾ ಮಾರಾಟಗಾರನೇ ನಿಯಮ ಮೀರಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ವಾಹನವೊಂದಕ್ಕೆ ಒಂದು ಲಕ್ಷ ರೂಪಾಯಿ ದಂಡ. ದಂಡಕ್ಕಿಂತ ದೊಡ್ಡ ಭಯ ವಿಮೆಯದು. ತಿಳಿಸದೆ ಛಾವಣಿ ಕತ್ತರಿಸಿದ ವಾಹನ ಅಪಘಾತಕ್ಕೀಡಾದರೆ ವಿಮಾ ಕಂಪನಿ ತಕರಾರು ಎತ್ತುವುದು ಖಚಿತ. ಆಗ ಗ್ರಾಹಕನ ಬೆರಳು ಕಾರ್ಯಾಗಾರದತ್ತ ತಿರುಗುತ್ತದೆ.

ಹಾಗೆಂದು ದಾರಿ ಪೂರ್ತಿ ಮುಚ್ಚಿಲ್ಲ. ಮೋಟಾರ್ ಕ್ಯಾರವಾನುಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಆಸನ ಮತ್ತು ಮೇಜು, ಮಲಗುವ ವ್ಯವಸ್ಥೆ, ಅಡುಗೆಯ ಸೌಕರ್ಯ, ಸಾಮಾನಿಡುವ ಸ್ಥಳ ಇವೆಲ್ಲ ಇದ್ದರೆ ಮಾತ್ರ ಅದು ಕ್ಯಾರವಾನ್ ಎನಿಸುತ್ತದೆ. ಬರಿಯ ಛಾವಣಿ ಎತ್ತಿದ ಮಾತ್ರಕ್ಕೆ ಅಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ಮೂಲಮಾದರಿಯನ್ನು ಅಧಿಕೃತ ಪರೀಕ್ಷಾ ಸಂಸ್ಥೆಗೆ ಒಪ್ಪಿಸಿ ಅನುಮೋದನೆ ಪಡೆಯಬೇಕು. ಅಂಥ ಸಂಸ್ಥೆಗಳಲ್ಲಿ ಎರಡು, ಎಆರ್‌ಎಐ ಮತ್ತು ಸಿಐಆರ್‌ಟಿ, ಪುಣೆಯಲ್ಲಿಯೇ ಇವೆ. ಒಂದೇ ವಾಹನಕ್ಕಾಗಿ ಈ ವೆಚ್ಚ ಗಿಟ್ಟದು. ಒಂದೇ ಮಾದರಿಯನ್ನು ಹತ್ತಾರು ವಾಹನಗಳಿಗೆ ಕೂಡಿಸುವವನಿಗೆ ಗಿಟ್ಟಬಹುದು.

ಸಣ್ಣ ಕಾರ್ಖಾನೆಗೆ ಇದಕ್ಕಿಂತ ಸುರಕ್ಷಿತವಾದದ್ದು, ನೋಂದಣಿಯಾದ ವಾಹನವನ್ನು ಮುಟ್ಟದೆ, ಅನುಮೋದನೆ ಪಡೆದ ಬಾಡಿ ತಯಾರಕರಿಗೆ ಬಿಡಿಭಾಗಗಳನ್ನು ಒದಗಿಸುವುದು. ಬಿಜಾಗರಿಯ ಜೋಡಿ, ಚಿಲಕ, ಸುತ್ತುಚೌಕಟ್ಟು, ಫೈಬರ್‌ಗ್ಲಾಸಿನ ಛಾವಣಿ ಇವುಗಳನ್ನು ನಕ್ಷೆಗೆ ತಕ್ಕಂತೆ, ಪರೀಕ್ಷಾ ವರದಿಯೊಂದಿಗೆ ಕೊಡುವ ಕೆಲಸ ವಾಹನೋದ್ಯಮಕ್ಕೆ ಬಿಡಿಭಾಗ ಪೂರೈಸುವ ಬೆಳಗಾವಿಗೆ ಅಭ್ಯಾಸವಾದದ್ದೇ. ಆರಂಭಕ್ಕೆ ಚಿಲಕವೊಂದನ್ನೇ ಆರಿಸಿಕೊಳ್ಳಬಹುದು. ಅದನ್ನು ಕಾರ್ಯಾಗಾರದ ತೊಲೆಗೆ ತೂಗುಹಾಕಿ, ಕೆಳಗೆ ಎರಡೂವರೆ ಕ್ವಿಂಟಲ್ ತೂಕ ಕಟ್ಟಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಅದರ ನಾಲಿಗೆ ಎಷ್ಟು ಬಾಗಿದೆಯೆಂದು ಅಳೆದು ಬರೆದಿಡಬೇಕು.