ಕಾಲಯಾನಿಗಳು ಹತ್ತಿದ ಬಸ್ಸು

ಕಾಲಯಂತ್ರ ಸಿಕ್ಕಿದರೆ ಎಲ್ಲಿಗೆ ಹೋಗ್ತೀರಿ ಅಂತ ತರಗತಿಯಲ್ಲಿ ಒಮ್ಮೆ ಕೇಳಿ ನೋಡಿ. ಡೈನೋಸಾರ್ ನೋಡಬೇಕು ಅನ್ನುವವರು ಅರ್ಧ ಮಂದಿ. ಮುಂದಿನ ತಿಂಗಳಿಗೆ ಹೋಗಿ ಪ್ರಶ್ನೆಪತ್ರಿಕೆ ನೋಡಿ ಬರ್ತೇನೆ ಅನ್ನುವ ಜಾಣರೂ ಇದ್ದೇ ಇರ್ತಾರೆ. 1955ರ ಡಿಸೆಂಬರ್ 1ರ ಸಂಜೆ ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿ ಪಟ್ಟಣದಲ್ಲಿ ಒಂದು ಸಿಟಿ ಬಸ್ಸು ಹತ್ತಬೇಕು ಅಂತ ಯಾವ ಮಗುವೂ ಹೇಳಲಿಕ್ಕಿಲ್ಲ. ಆದರೆ ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿ 2018ರ ಅಕ್ಟೋಬರ್ 21ರಂದು ತನ್ನ ವೀಕ್ಷಕರನ್ನು ಕರೆದುಕೊಂಡು ಹೋದದ್ದು ಅದೇ ಬಸ್ಸಿಗೆ. ಆ ಕಂತಿನ ಹೆಸರು ‘ರೋಸಾ’. ಬರೆದವರು ಮಕ್ಕಳ ಸಾಹಿತಿ ಮ್ಯಾಲೊರಿ ಬ್ಲ್ಯಾಕ್‌ಮನ್ ಮತ್ತು ಕ್ರಿಸ್ ಚಿಬ್ನಲ್.

ವಿಜ್ಞಾನದ ಪತ್ರಿಕೆಯಲ್ಲಿ ಇದೇಕೆ ಅಂತ ಕೇಳಬಹುದು. ‘ಕಾರಣ’ ಎಂದರೆ ಏನು ಎಂಬ ಪ್ರಶ್ನೆ ವಿಜ್ಞಾನಕ್ಕೂ ಬೇಕು, ಚರಿತ್ರೆಗೂ ಬೇಕು. ಅದನ್ನು ಮಕ್ಕಳ ಮುಂದೆ ಇಡಲಿಕ್ಕೆ ಈ ಕಥೆ ಒಳ್ಳೆಯ ದಾರಿ. ಕಥೆ ಎಲ್ಲಿ ಸರಿ, ಎಲ್ಲಿ ತಪ್ಪು ಅನ್ನೋದು ಅದಕ್ಕಿಂತಲೂ ಒಳ್ಳೆಯ ಪಾಠ.

ಇಬ್ಬರು ಅಧ್ಯಾಪಕರಿಂದ ಶುರು

‘ಡಾಕ್ಟರ್ ಹೂ’ ಮೊದಲು ಪ್ರಸಾರವಾದದ್ದು 1963ರ ನವೆಂಬರ್ 23ರಂದು. ಆ ಮೊದಲ ಕಂತಿನ ನಿರ್ದೇಶಕ ವಾರಿಸ್ ಹುಸೇನ್, ಲಖನೌನಲ್ಲಿ ಹುಟ್ಟಿದವರು. ಡಾಕ್ಟರ್ ಎಂಬ ವಿಚಿತ್ರ ವ್ಯಕ್ತಿಯ ಜೊತೆ ಮೊದಲು ಕಾಲಯಾನ ಮಾಡಿದವರಲ್ಲಿ ಇಬ್ಬರು ಒಂದೇ ಶಾಲೆಯ ಅಧ್ಯಾಪಕರು. ಇಯಾನ್ ವಿಜ್ಞಾನದ ಮೇಷ್ಟ್ರು, ಬಾರ್ಬರಾ ಚರಿತ್ರೆಯ ಟೀಚರ್. ಭವಿಷ್ಯಕ್ಕೆ ಹೋದಾಗ ವಿಜ್ಞಾನ, ಹಿಂದಕ್ಕೆ ಹೋದಾಗ ಚರಿತ್ರೆ, ಎರಡನ್ನೂ ಮಕ್ಕಳಿಗೆ ಮುಟ್ಟಿಸಬೇಕು ಅನ್ನೋದು ಆಗಿನ ಲೆಕ್ಕಾಚಾರ. 1964ರ ‘ದಿ ಅಜ್ಟೆಕ್ಸ್’ ಕಥೆಯಲ್ಲಿ ಬಾರ್ಬರಾ ನರಬಲಿಯನ್ನು ನಿಲ್ಲಿಸಲಿಕ್ಕೆ ಹೋಗ್ತಾಳೆ. ಚರಿತ್ರೆ ಬದಲಾಗುವುದಿಲ್ಲ, ಅವಳು ಸೋಲ್ತಾಳೆ.

ಇನ್ನೊಂದು ಸಂಗತಿ. ಅದೇ 1963ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ನಗರದಲ್ಲೂ ಬಸ್ ಬಹಿಷ್ಕಾರ ನಡೆದಿತ್ತು. ಅಲ್ಲಿನ ಬಸ್ ಕಂಪೆನಿ ಕಪ್ಪು ಮತ್ತು ಏಷ್ಯನ್ ಜನರನ್ನು ಚಾಲಕ, ಕಂಡಕ್ಟರ್ ಕೆಲಸಕ್ಕೆ ಸೇರಿಸುತ್ತಿರಲಿಲ್ಲ. ಮಾಂಟ್ಗೊಮರಿಯಿಂದ ಸ್ಫೂರ್ತಿ ಪಡೆದ ಜನ ಬಸ್ ಹತ್ತೋದನ್ನು ಬಿಟ್ಟರು. ಆಗಸ್ಟ್ 28ಕ್ಕೆ ಕಂಪೆನಿ ಮಣಿಯಿತು. ಸೆಪ್ಟೆಂಬರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ಬಿಳಿಯೇತರ ಕಂಡಕ್ಟರ್ ರಘಬೀರ್ ಸಿಂಗ್, ನಮ್ಮ ದೇಶದ ಮೂಲದ ಸಿಖ್ಖರು. ಅದಾಗಿ ಮೂರು ತಿಂಗಳೊಳಗೆ ‘ಡಾಕ್ಟರ್ ಹೂ’ ಶುರುವಾಯಿತು. ಆ ಧಾರಾವಾಹಿ ಮಾಂಟ್ಗೊಮರಿಯ ಬಸ್ಸು ಹತ್ತಲಿಕ್ಕೆ ಮಾತ್ರ 55 ವರ್ಷ ಹಿಡಿಯಿತು.

ಆ ಬಸ್ಸಿನ ನಿಯಮ

ಮಾಂಟ್ಗೊಮರಿಯ ಬಸ್ಸಿನಲ್ಲಿ 36 ಸೀಟು. ಮುಂದಿನ 10 ಬಿಳಿಯರಿಗೆ. ಅವು ಖಾಲಿ ಇದ್ದರೂ ಕಪ್ಪು ಜನ ಕೂರುವ ಹಾಗಿಲ್ಲ. ಹಿಂದಿನ ಸೀಟುಗಳು ಕಪ್ಪು ಜನರಿಗೆ. ನಡುವಿನ ಸೀಟುಗಳ ಗಡಿಯನ್ನು ಚಾಲಕ ಬೇಕಾದ ಹಾಗೆ ಹಿಂದೆ ತಳ್ಳಬಹುದು. ಎಷ್ಟೋ ಚಾಲಕರು ಕಪ್ಪು ಪ್ರಯಾಣಿಕರಿಂದ ಮುಂಬಾಗಿಲಲ್ಲಿ ಹಣ ತೆಗೆದುಕೊಂಡು, ಇಳಿದು ಹಿಂಬಾಗಿಲಿನಿಂದ ಹತ್ತಿ ಅನ್ನುತ್ತಿದ್ದರು. ಪ್ರಯಾಣಿಕರಲ್ಲಿ ಸುಮಾರು ಮುಕ್ಕಾಲು ಪಾಲು ಕಪ್ಪು ಜನರೇ ಆಗಿದ್ದ ಊರಿನ ಕಥೆ ಇದು.

1943ರಲ್ಲಿ ಜೇಮ್ಸ್ ಬ್ಲೇಕ್ ಎಂಬ ಚಾಲಕ ಹೀಗೆಯೇ ಇಳಿಯಲು ಹೇಳಿದಾಗ ರೋಸಾ ಪಾರ್ಕ್ಸ್ ಒಪ್ಪಲಿಲ್ಲ, ಬಸ್ಸಿನಿಂದ ಹೊರಬೀಳಬೇಕಾಯಿತು. ಕಂತು ತೆರೆದುಕೊಳ್ಳುವುದು ಆ ಘಟನೆಯಿಂದ. ಹನ್ನೆರಡು ವರ್ಷ ಕಳೆದು, ಬಟ್ಟೆ ಅಂಗಡಿಯ ಹೊಲಿಗೆ ಕೆಲಸ ಮುಗಿಸಿ ಬಂದ 42ರ ಹರೆಯದ ಪಾರ್ಕ್ಸ್ ಹತ್ತಿದ ಬಸ್ಸಿಗೂ ಅದೇ ಬ್ಲೇಕ್ ಚಾಲಕ. ಬಿಳಿಯರ ಸೀಟು ತುಂಬಿ ಒಬ್ಬ ನಿಂತಿದ್ದ. ಆ ಒಬ್ಬನಿಗಾಗಿ ಇಡೀ ಸಾಲಿನ ನಾಲ್ವರು ಏಳಬೇಕು ಅಂತ ಬ್ಲೇಕ್ ಹೇಳಿದ. ಮೂವರು ಎದ್ದರು, ಪಾರ್ಕ್ಸ್ ಏಳಲಿಲ್ಲ. ಬಂಧನ ಆಯಿತು. 10 ಡಾಲರ್ ದಂಡ, ಮೇಲೆ 4 ಡಾಲರ್ ಕೋರ್ಟು ಖರ್ಚು.

ಏನೂ ಮಾಡದೆ ಕೂರುವ ಕಷ್ಟ

ಕಂತಿನಲ್ಲಿ ಕ್ರಾಸ್ಕೊ ಎಂಬ ಖಳ ಭವಿಷ್ಯದಿಂದ ಬಂದಿದ್ದಾನೆ. ಕಪ್ಪು ಜನ ತಲೆ ಎತ್ತಿದ್ದು ಇಲ್ಲಿಂದಲೇ ಅನ್ನೋದು ಅವನ ಸಿಟ್ಟು. ಅವನ ಮೆದುಳಿನಲ್ಲಿ ಒಂದು ಸಾಧನ ಹುದುಗಿಸಿರುವುದರಿಂದ ಯಾರನ್ನೂ ಕೊಲ್ಲಲಾರ. ಹಾಗಾಗಿ ಸಣ್ಣಸಣ್ಣ ಕಿತಾಪತಿ: ಬ್ಲೇಕ್‌ಗೆ ಅಂದು ರಜೆ ಸಿಗುವ ಹಾಗೆ ಮಾಡೋದು, ಬಸ್ಸು ಹಾಳುಮಾಡೋದು, ಬಸ್ಸಿಲ್ಲ ಅಂತ ನೋಟಿಸು ಹಚ್ಚೋದು. ಡಾಕ್ಟರ್ ಮತ್ತು ಜೊತೆಗಾರರಾದ ಗ್ರಹಾಂ, ರಯನ್, ಯಾಸ್ಮಿನ್ ಒಂದೊಂದನ್ನೇ ಸರಿಮಾಡ್ತಾ ಹೋಗ್ತಾರೆ. ಕಾಲಯಾನದ ಕಥೆಯಲ್ಲಿ ಲೇಸರ್ ಗನ್ನಿನ ಬದಲು ಬಸ್ಸಿನ ಟೈಮ್‌ಟೇಬಲ್ಲು! ಮಾಂಟ್ಗೊಮರಿಯ ಬೀದಿಯಲ್ಲಿ ಬಿಳಿ ಹೆಂಗಸೊಬ್ಬಳ ಕೈಗವಸು ಬಿದ್ದದ್ದನ್ನು ಎತ್ತಿಕೊಟ್ಟದ್ದಕ್ಕೆ ಕಪ್ಪು ಹುಡುಗ ರಯನ್‌ಗೆ ಕೆನ್ನೆಗೆ ಏಟು ಬೀಳ್ತದೆ. ಪಾಕಿಸ್ತಾನ ಮೂಲದ ಯಾಸ್ಮಿನ್‌ಳನ್ನು ಅಲ್ಲಿಯವರು ಮೆಕ್ಸಿಕೋದವಳು ಅಂದುಕೊಳ್ತಾರೆ. ಬಸ್ಸಿನಲ್ಲಿ ತಾನು ಮುಂದೆ ಕೂರಬೇಕೋ ಹಿಂದೆ ಕೂರಬೇಕೋ ಅವಳಿಗೇ ತಿಳಿಯೋದಿಲ್ಲ. ಮನುಷ್ಯರ ಬಣ್ಣ ಎರಡು ಡಬ್ಬಿಯಲ್ಲಿ ಹಿಡಿಯುವಂಥದ್ದಲ್ಲ. ಗೆರೆ ಎಳೆದದ್ದು ಪುರಸಭೆಯ ನಿಯಮ, ಜೀವವಿಜ್ಞಾನ ಅಲ್ಲ. ಇದನ್ನು ಹೇಳಲಿಕ್ಕೆ ಯಾಸ್ಮಿನ್‌ಳ ಆ ಗೊಂದಲ ಸಾಕು.

ಕೊನೆಗೆ ಬಸ್ಸು ಹೊರಡ್ತದೆ. ಆಗ ಗೊತ್ತಾಗುವ ವಿಷಯ ಏನಪ್ಪಾ ಅಂದ್ರೆ, ಡಾಕ್ಟರ್ ಮತ್ತು ಗ್ರಹಾಂ ಇಳಿದುಬಿಟ್ಟರೆ ಎರಡು ಸೀಟು ಖಾಲಿಯಾಗ್ತದೆ. ಸೀಟು ಖಾಲಿ ಇದ್ದರೆ ಪಾರ್ಕ್ಸ್‌ನ್ನು ಎಬ್ಬಿಸುವ ಪ್ರಶ್ನೆಯೇ ಬರೋದಿಲ್ಲ. ಆದ್ದರಿಂದ ಅವರು ಬಿಳಿಯರ ಸೀಟಿನಲ್ಲಿ ಕೂತೇ ಇರಬೇಕು, ಪಾರ್ಕ್ಸ್ ಬಂಧನವಾಗುವುದನ್ನು ನೋಡ್ತಾ. ಗ್ರಹಾಂ ಸ್ವತಃ ನಿವೃತ್ತ ಬಸ್ ಚಾಲಕ, ಅವನ ತೀರಿಹೋದ ಹೆಂಡತಿ ಕಪ್ಪು ಮಹಿಳೆ. ತಾನು ಈ ಅನ್ಯಾಯದ ಲೆಕ್ಕಕ್ಕೆ ಸೇರಲಾರೆ ಅಂತ ಅವನು ಚಡಪಡಿಸ್ತಾನೆ. ಬೇರೆ ದಾರಿ ಇಲ್ಲ.

ಇದನ್ನು 1989ರ ಅಮೆರಿಕನ್ ಧಾರಾವಾಹಿ ‘ಕ್ವಾಂಟಮ್ ಲೀಪ್’ ಜೊತೆ ಇಟ್ಟು ನೋಡಿ. ಅದರ ‘ದಿ ಕಲರ್ ಆಫ್ ಟ್ರುತ್’ ಕಂತಿನಲ್ಲಿ ಸ್ಯಾಮ್ ಬೆಕೆಟ್ ಎಂಬ ಬಿಳಿಯ ವಿಜ್ಞಾನಿ 1955ರ ಅಲಬಾಮಾದ ವೃದ್ಧ ಕಪ್ಪು ಕಾರು ಚಾಲಕನೊಬ್ಬನ ಜಾಗಕ್ಕೆ ಬಂದು ಬೀಳ್ತಾನೆ. ಗೊತ್ತಿಲ್ಲದೆ ಹೋಟೆಲಿನಲ್ಲಿ ಬಿಳಿಯರ ಜಾಗದಲ್ಲಿ ಕೂತು, ಎಲ್ಲರೂ ದುರುಗುಟ್ಟಿ ನೋಡುವಾಗ ಕನ್ನಡಿಯಲ್ಲಿ ಕಪ್ಪು ಮುಖ ಕಂಡು ಬೆಚ್ಚಿಬೀಳ್ತಾನೆ. ಮನಸ್ಸಿಗೆ ತಟ್ಟುವ ಕಂತೇ. ಆದರೆ ಅಲ್ಲಿ ಪ್ರತಿಭಟಿಸುವವನು ಹೊರಗಿನಿಂದ ಬಂದವನು. ‘ರೋಸಾ’ದಲ್ಲಿ ಹೊರಗಿನವರಿಗೆ ಆ ಹಕ್ಕಿಲ್ಲ. ಧೈರ್ಯ ಮಾಡಬೇಕಾದವರು ಅಲ್ಲಿಯವರೇ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಕಥೆ ಹೇಳುವವರು ಇಷ್ಟು ಕಲಿತಿದ್ದಾರೆ.

ಖಳನ ಲೆಕ್ಕ ಸರಿಯೇ?

ಈಗ ವಿಜ್ಞಾನಕ್ಕೆ ಬರೋಣ. ಭವಿಷ್ಯದ ಕಡೆಗೆ ಬೇಗ ಸಾಗೋದು ಸಾಧ್ಯ ಅಂತ ಪ್ರಯೋಗಗಳೇ ಹೇಳಿವೆ. 1971ರಲ್ಲಿ ಹೇಫೆಲ್ ಮತ್ತು ಕೀಟಿಂಗ್ ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿ ಭೂಮಿ ಸುತ್ತಿಸಿ, ನೆಲದ ಗಡಿಯಾರಕ್ಕಿಂತ ಅವು ಸೆಕೆಂಡಿನ ಕೋಟಿಯಲ್ಲಿ ಕೆಲವು ಪಾಲು ವ್ಯತ್ಯಾಸ ತೋರಿಸಿದ್ದನ್ನು ಅಳೆದರು. ಹಿಂದಕ್ಕೆ ಹೋಗುವ ದಾರಿ ಮಾತ್ರ ಯಾರಿಗೂ ಸಿಕ್ಕಿಲ್ಲ. ಸಿಕ್ಕಿದರೆ ಎದುರಾಗುವ ತೊಡಕು ಗೊತ್ತೇ ಇದೆ: ಅಜ್ಜನ ಮದುವೆ ತಪ್ಪಿಸಿದರೆ ತಪ್ಪಿಸಿದವನು ಹುಟ್ಟಿದ್ದು ಹೇಗೆ? ಹಿಂದಕ್ಕೆ ಹೋದವನು ಏನೇ ಮಾಡಿದರೂ ಅದು ಆಗಲೇ ಚರಿತ್ರೆಯೊಳಗೆ ಸೇರಿರುತ್ತದೆ, ವಿರೋಧ ಬರುವ ಘಟನೆ ನಡೆಯಲಾರದು ಎಂಬುದು ರಷ್ಯದ ಭೌತವಿಜ್ಞಾನಿ ಇಗೊರ್ ನೋವಿಕೊವ್ ಸೂಚಿಸಿದ ಪರಿಹಾರ.

ಕ್ರಾಸ್ಕೊ ನಂಬಿದ್ದು ಬೇರೆಯೇ ತತ್ವವನ್ನು, ‘ಚಿಟ್ಟೆಯ ಪರಿಣಾಮ’ವನ್ನು. ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1960ರ ದಶಕದಲ್ಲಿ ಕಂಪ್ಯೂಟರ್ ಲೆಕ್ಕದಲ್ಲಿ ಕಂಡುಕೊಂಡ ಸಂಗತಿ ಅದು: ಆರಂಭದ ಅಂಕಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಮಾಡಿದರೂ ಮುಂದಿನ ಹವಾಮಾನ ಪೂರ್ತಿ ಬೇರೆಯಾಗಬಹುದು. ಹಾಗಾದರೆ ಒಂದು ಬಸ್ಸು ತಪ್ಪಿಸಿದರೆ ಇಡೀ ಚಳವಳಿ ತಪ್ಪುತ್ತಿತ್ತಾ?

ನಮ್ಮ ಮಳೆಗಾಲವನ್ನೇ ತಗೊಳ್ಳಿ. ಮುಂದಿನ ಜೂನ್ 9ಕ್ಕೆ ನಮ್ಮ ಶಾಲೆಯ ಅಂಗಳದಲ್ಲಿ ಮಳೆ ಬರ್ತದಾ ಅಂತ ಈಗ ಯಾರೂ ಹೇಳಲಾರರು. ಅಲ್ಲಿ ಲೊರೆಂಜ್ ಹೇಳಿದ್ದು ಸರಿ. ಮಳೆಗಾಲ ಬರ್ತದಾ ಅಂದ್ರೆ, ಬರ್ತದೆ. ನೆಲ ಕಾದಿದೆ, ಕಡಲಿನ ಗಾಳಿ ತಿರುಗಿದೆ, ಮೋಡ ಕಟ್ಟಿದೆ. ಮೊದಲ ಹನಿ ಯಾರ ಅಂಗಳಕ್ಕೆ ಅನ್ನೋದಷ್ಟೇ ಆಕಸ್ಮಿಕ.

ಮಾಂಟ್ಗೊಮರಿಯಲ್ಲಿ ಮೋಡ ಕಟ್ಟಿದ್ದಕ್ಕೆ ದಾಖಲೆ ಉಂಟು. 1954ರ ಮೇ ತಿಂಗಳಲ್ಲೇ ಜೋ ಆ್ಯನ್ ರಾಬಿನ್ಸನ್ ಮೇಯರ್‌ಗೆ ಪತ್ರ ಬರೆದು ಬಸ್ ಬಹಿಷ್ಕಾರದ ಎಚ್ಚರಿಕೆ ಕೊಟ್ಟಿದ್ದರು. ಅವರು ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ, ಮಹಿಳಾ ರಾಜಕೀಯ ಮಂಡಳಿಯ ಮುಖಂಡೆ. 1955ರ ಮಾರ್ಚ್ 2ರಂದು, ಅಂದರೆ ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲು, 15 ವರ್ಷದ ಶಾಲಾ ಹುಡುಗಿ ಕ್ಲಾಡೆಟ್ ಕಾಲ್ವಿನ್ ಸೀಟು ಬಿಡದೆ ಬಂಧನವಾಗಿದ್ದಳು. ಪಾರ್ಕ್ಸ್ ಕೂಡ ಸುಸ್ತಾಗಿ ಕೂತ ಬಡಪಾಯಿ ಅಲ್ಲ. ಹನ್ನೆರಡು ವರ್ಷಗಳಿಂದ ಎನ್‌ಎಎಸಿಪಿ ಎಂಬ ಹಕ್ಕುಗಳ ಸಂಘಟನೆಯಲ್ಲಿ ದುಡಿಯುತ್ತಿದ್ದವರು. ದೇಹದ ದಣಿವಿನಿಂದ ಕೂತದ್ದಲ್ಲ ಅಂತ ಅವರೇ ಆಮೇಲೆ ಸ್ಪಷ್ಟಪಡಿಸಿದ್ದಾರೆ.

ಪಾರ್ಕ್ಸ್ ಬಂಧನವಾದ ರಾತ್ರಿ ರಾಬಿನ್ಸನ್ ಟೀಚರ್ ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಲೇಜಿಗೆ ಹೋದರು. ಬೆಳಗಾಗುವುದರೊಳಗೆ ಅಲ್ಲಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಹತ್ತಾರು ಸಾವಿರ ಕರಪತ್ರ ತೆಗೆದರು. ಪ್ರಶ್ನೆಪತ್ರಿಕೆಗೆ ಸ್ಟೆನ್ಸಿಲ್ ಕೊರೆದು ಬೆರಳು ಮಸಿ ಮಾಡಿಕೊಂಡ ನಮ್ಮ ಹಿರಿಯ ಸಹೋದ್ಯೋಗಿಗಳಿಗೆ ಅದೆಂಥ ಕೆಲಸ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಡಿಸೆಂಬರ್ 5ಕ್ಕೆ ಶುರುವಾದ ಬಹಿಷ್ಕಾರ 381 ದಿನ ನಡೆಯಿತು. ಜನ ನಡೆದರು, ಕಾರು ಹಂಚಿಕೊಂಡರು. ಬಸ್ಸಿನ ಗೆರೆಯನ್ನು ಕಾನೂನಿನಲ್ಲಿ ಅಳಿಸಿದ್ದು ‘ಬ್ರೌಡರ್ ವಿರುದ್ಧ ಗೇಲ್’ ಮೊಕದ್ದಮೆ. 1956ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. ಅದರ ವಾದಿಗಳು ನಾಲ್ವರು ಮಹಿಳೆಯರು: ಆರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್ ಮತ್ತು ಆ ಹುಡುಗಿ ಕ್ಲಾಡೆಟ್ ಕಾಲ್ವಿನ್. ಆ ಪಟ್ಟಿಯಲ್ಲಿ ರೋಸಾ ಪಾರ್ಕ್ಸ್ ಹೆಸರೇ ಇಲ್ಲ!

ಅಂದ ಮೇಲೆ ಕ್ರಾಸ್ಕೊ ಗೆದ್ದು ಆ ಸಂಜೆ ಪಾರ್ಕ್ಸ್ ಬೇರೆ ಬಸ್ಸಿನಲ್ಲಿ ಮನೆಗೆ ಹೋಗಿದ್ದರೂ ಈ ನಾಲ್ವರು ಇರ್ತಿದ್ದರು, ರಾಬಿನ್ಸನ್ ಟೀಚರ ಯಂತ್ರವೂ ಇರ್ತಿತ್ತು. ಹಾಗಂತ ಪಾರ್ಕ್ಸ್ ಬರೇ ಒಂದು ಹನಿಯೂ ಅಲ್ಲ. ಜನ ಒಟ್ಟಾಗಿ ನಂಬಿ ಹಿಂದೆ ನಿಂತದ್ದು ಅವರ ಹೆಸರಿನ ಹಿಂದೆ. ಅವರಿಲ್ಲದಿದ್ದರೆ ತಡವಾಗ್ತಿತ್ತೋ ಏನೋ. ಒಂದು ಫಲಕ್ಕೆ ಹಲವು ಕಾರಣ, ಅವುಗಳ ತೂಕ ಬೇರೆಬೇರೆ. ಒಂದೂವರೆ ಗಂಟೆಗಿಂತ ಕಡಿಮೆ ಸಮಯದ ಧಾರಾವಾಹಿಗೆ ಒಂದೇ ಕೀಲಿ ಬೇಕು, ನಿಜ. ತರಗತಿಯಲ್ಲಿ ನಾವು ಅಲ್ಲಿಗೇ ನಿಲ್ಲಿಸಬಾರದು.

ತರಗತಿಯಲ್ಲಿ ಮಾಡಿ ನೋಡಿ

ಎಂಟನೇ ತರಗತಿಯಿಂದ ಮೇಲಕ್ಕೆ ಇದು ಹೊಂದುತ್ತದೆ. ಆರು ಕಾರ್ಡು ಮಾಡಿ: ಬ್ಲೇಕ್‌ನ ಡ್ಯೂಟಿ, ಪಾರ್ಕ್ಸ್ ನಿರ್ಧಾರ, ಕಾಲ್ವಿನ್ ಬಂಧನ, ಸೈಕ್ಲೋಸ್ಟೈಲ್ ಯಂತ್ರ, 381 ದಿನದ ನಡಿಗೆ, ನಾಲ್ವರ ಮೊಕದ್ದಮೆ. ಒಂದೊಂದು ಗುಂಪು ಒಂದೊಂದು ಕಾರ್ಡು ತೆಗೆದು, ಉಳಿದ ಐದರಿಂದ ಬಸ್ಸಿನ ನಿಯಮ ಬೀಳ್ತಿತ್ತಾ ಅಂತ ವಾದಿಸಲಿ. ಪ್ರಯೋಗಾಲಯದಲ್ಲಿ ಒಂದು ಚರಾಂಶವನ್ನು ಮಾತ್ರ ಬದಲಿಸಿ ನೋಡ್ತೇವಲ್ಲ, ಅದೇ ವಿಧಾನ. ಚರಿತ್ರೆಯಲ್ಲಿ ಪ್ರಯೋಗ ಮತ್ತೆ ಮಾಡಲಾಗದು, ಆದ್ದರಿಂದ ಮನಸ್ಸಿನಲ್ಲಿ ಮಾಡಬೇಕು. ಕಾಲಯಾನದ ಕಥೆಯ ನಿಜವಾದ ಉಪಯೋಗ ಇದು.

ಎರಡು ಎಚ್ಚರಿಕೆ. ನಮ್ಮ ಬಸ್ಸಿನಲ್ಲೂ ಸ್ತ್ರೀಯರಿಗೆ, ಹಿರಿಯರಿಗೆ ಅಂತ ಬರೆದಿದೆಯಲ್ಲ, ಅದೂ ಹಾಗೆಯೇ ಅಲ್ವಾ ಅಂತ ಮಕ್ಕಳು ಕೇಳೇ ಕೇಳ್ತಾರೆ. ಒಂದು ಕೂರಲು ಕಷ್ಟವಾದವರಿಗೆ ಜಾಗ ಮಾಡಿಕೊಡ್ತದೆ, ಇನ್ನೊಂದು ಕೂತವರನ್ನು ಎಬ್ಬಿಸಿ ಕೀಳು ಅನ್ನಿಸ್ತದೆ. ಈ ವ್ಯತ್ಯಾಸ ಅವರ ಬಾಯಲ್ಲೇ ಬರಲಿ. ಎರಡನೆಯದು, ಅಮೆರಿಕದವರು ಎಷ್ಟು ಕೆಟ್ಟವರು ಅಂತ ಪಾಠ ಮುಗಿಯಬಾರದು. 1893ರಲ್ಲಿ ತಿರುವಿತಾಂಕೂರಿನಲ್ಲಿ ಅಯ್ಯನ್‌ಕಾಳಿ ವಿಲ್ಲುವಂಡಿ ಏರಿ ಸಾರ್ವಜನಿಕ ದಾರಿಯಲ್ಲಿ ಹೋದದ್ದೇ ಒಂದು ಹೋರಾಟವಾಗಿತ್ತು. ಆ ದಾರಿಯಲ್ಲಿ ಅವರಿಗೆ ಹೋಗಬಾರದು ಅಂದವರು ಹೊರಗಿನವರೇನೂ ಅಲ್ಲ.

ಕಂತಿನ ಕೊನೆಯಲ್ಲಿ ಡಾಕ್ಟರ್ ತನ್ನ ಜೊತೆಗಾರರಿಗೆ ಆಕಾಶದಲ್ಲಿ ಒಂದು ಕ್ಷುದ್ರಗ್ರಹ ತೋರಿಸ್ತಾಳೆ. ಅದು ಕಲ್ಪನೆಯಲ್ಲ. ನಾಸಾದ ವೈಸ್ ದೂರದರ್ಶಕ ಕಂಡುಹಿಡಿದ, ಮಂಗಳ ಮತ್ತು ಗುರುವಿನ ನಡುವೆ ಸುತ್ತುವ 284996ನೇ ಕ್ಷುದ್ರಗ್ರಹದ ಹೆಸರು ‘ರೋಸಾಪಾರ್ಕ್ಸ್’. ಇದನ್ನು ಹೇಳಿದಾಗ ಮಕ್ಕಳ ಕಣ್ಣು ಅರಳ್ತದೆ. ಆ ಹೊತ್ತಿಗೆ ಇನ್ನೊಂದು ಕೆಲಸ ಕೊಡಿ: ಉಳಿದ ಐದು ಕಾರ್ಡುಗಳಲ್ಲಿರುವ ಜನರಲ್ಲಿ ಮುಂದಿನ ಕ್ಷುದ್ರಗ್ರಹಕ್ಕೆ ಯಾರ ಹೆಸರು ಇಡಬೇಕು, ಯಾಕೆ, ಅರ್ಧ ಪುಟದಲ್ಲಿ ಬರೆದು ತರಲಿ.